ಸೆರಗಿಗೆ ಕೇಳದ ಪ್ರಶ್ನೆ

ಅಂಗಡಿಯಲ್ಲಿ ಇಳಕಲ್ ಸೀರೆಯ ಮಡಿಕೆ ಬಿಚ್ಚಿದಾಗ ಸೆರಗು ನೋಡಿ ‘ಇದು ಯಾತರ ಚಿತ್ರ?’ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಕೆಂಪು ರೇಷ್ಮೆಯ ಮೇಲೆ ಕೋಟೆಯ ತೆನೆಯಂಥ ಬಿಳಿ ಸಾಲು, ಅದರಾಚೆ ಹಣಿಗೆಯ ಹಲ್ಲಿನಂಥ ಇನ್ನೊಂದು ಸಾಲು, ನಡುವೆ ಬರೀ ಕೆಂಪು. ಹೂವಿಲ್ಲ, ನವಿಲಿಲ್ಲ, ದೇವರಿಲ್ಲ. ಆದರೂ ಬನಹಟ್ಟಿ, ರಬಕವಿ, ತೇರದಾಳದ ಹೆಣ್ಣುಮಕ್ಕಳು ಅದರ ಮುಂದೆ ಅರ್ಧ ತಾಸು ಕೂತು ಮಾತಾಡುತ್ತಾರೆ. ಈ ದಡಿಗೆ ಆ ಒಡಲು ಕೂಡೂದಿಲ್ಲ, ಹಸರು ಜರಾ ಕರಿ ಆತು, ಗಿರಿಕುಂಕುಮದ್ದಿದ್ರ ತಗೀರಿ. ಅದೇ ಹೆಣ್ಣುಮಕ್ಕಳು ನಮ್ಮ ಮನೆಗೆ ಬಂದು, ಗೋಡೆಗೆ ಒರಗಿಸಿದ ಕ್ಯಾನ್ವಾಸಿನ ಮುಂದೆ ನಿಂತರೆ ದನಿ ಇಳಿಯುತ್ತದೆ. ‘ಇದ್ರಾಗ ಏನೈತ್ರಿ ಟೀಚರ್ರ? ನಮಗ ತಿಳಿಯೂದಿಲ್ಲ ಬಿಡ್ರಿ.’

ನನಗೆ ಸಿಟ್ಟು ಬರುವುದು ಆ ಕೊನೆಯ ಮಾತಿಗೆ. ಬಣ್ಣದ ಪಕ್ಕ ಬಣ್ಣ ಇಟ್ಟು, ಪಟ್ಟಿಯ ಅಗಲ ಅಳೆದು, ಒಪ್ಪಿತೋ ಇಲ್ಲವೋ ಎಂದು ಮುಖ ನೋಡದೆ ಹೇಳುವ ಊರು ನಮ್ಮದು. ಅಮೂರ್ತ ಚಿತ್ರ ನೋಡಲು ಬೇಕಾದ ಕಣ್ಣು ಇದೇ. ಉಟ್ಟಾಗ ಧೈರ್ಯವಾಗಿ ಬಳಸುವ ಕಣ್ಣನ್ನು ಗೋಡೆಯ ಮುಂದೆ ಯಾಕೆ ಮುಚ್ಚಿಕೊಳ್ಳುತ್ತೇವೋ! ಬಹುಶಃ ತಪ್ಪು ನಮ್ಮಂಥ ಡ್ರಾಯಿಂಗ್ ಟೀಚರುಗಳದೇ ಇರಬೇಕು. ಚಿತ್ರ ಎಂದರೆ ಯಾವುದೋ ಒಂದರ ಹಾಗೆ ಕಾಣಬೇಕು ಎಂದು ಮೂರನೆಯ ಇಯತ್ತೆಯಿಂದ ಕಲಿಸಿದವರು ನಾವು.

ನಾನು ಹುಟ್ಟಿದ್ದು ಬನಹಟ್ಟಿಯ ನೇಕಾರರ ಮನೆಯಲ್ಲಿ. ನಡುಮನೆಯಲ್ಲಿ ಅಪ್ಪನ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅವನು ಕೂತರೆ ಹೊರಗಿನಿಂದ ಅರ್ಧ ಮನುಷ್ಯನಷ್ಟೇ ಕಾಣುತ್ತಿದ್ದ. ಅವ್ವ ನೂಲಿಗೆ ಗಂಜಿ ಹಚ್ಚುತ್ತಿದ್ದಳು. ರಾಟಿ ತಿರುವಿ ಕಂಡಿಕಿ ಸುತ್ತುವುದು ನನ್ನ ಪಾಲಿನ ಕೆಲಸ, ಅದು ಮುಗಿಯದೆ ಶಾಲೆಯ ಚೀಲ ಮುಟ್ಟುವ ಹಾಗಿರಲಿಲ್ಲ. ಲಾಳಿಯೊಳಗೆ ಕೂರುವ ಆ ಪುಟ್ಟ ಸುರುಳಿ ಸಡಿಲಾದರೆ ನೂಲು ಹರಿಯುತ್ತಿತ್ತು, ಅಪ್ಪ ಏನೂ ಅನ್ನದೆ ಅದನ್ನು ನನ್ನ ಮುಂದೆ ಎಸೆಯುತ್ತಿದ್ದ.

ಬಣ್ಣದ ಬಗ್ಗೆ ನಾನು ಕಲಿತ ಮೊದಲ ಮತ್ತು ದೊಡ್ಡ ಪಾಠ ಅಲ್ಲೇ ಆದದ್ದು. ಲಡಿಯಲ್ಲಿದ್ದ ಬಣ್ಣ ಬಟ್ಟೆಯಲ್ಲಿ ಉಳಿಯುವುದಿಲ್ಲ. ಉದ್ದದ ನೂಲಾದ ಹಾಸು ಕೆಂಪಿದ್ದು ಅಡ್ಡ ನೂಲಾದ ಹೊಕ್ಕು ಕಪ್ಪಾದರೆ ನೆಯ್ದ ಮೇಲೆ ಬರುವುದು ಕೆಂಪೂ ಅಲ್ಲ, ಕಪ್ಪೂ ಅಲ್ಲ. ಎರಡೂ ನೂಲು ತಮ್ಮ ತಮ್ಮ ಬಣ್ಣದಲ್ಲೇ ಇರುತ್ತವೆ, ನೋಡುವ ಕಣ್ಣಿನಲ್ಲಿ ಮೂರನೆಯದೊಂದು ಹುಟ್ಟುತ್ತದೆ. ಸೀರೆ ಆಡಿಸಿದರೆ ಅದೂ ಆಡುತ್ತದೆ. ಅಪ್ಪ ಹೊಸ ಹಾಸು ಏರಿಸಿದಾಗ ನಾಲ್ಕಾರು ಎಳೆ ಹೊಡೆದು, ಎದ್ದು ಬಾಗಿಲ ತನಕ ಹೋಗಿ, ಅಲ್ಲಿಂದ ನೋಡಿ, ‘ಬ್ಯಾಡ’ ಎಂದು ಬಂದು ಎಳೆ ಬಿಚ್ಚುತ್ತಿದ್ದ. ಹಿಂದೆ ಸರಿದು ನೋಡುವುದು, ಬೇಡವಾದದ್ದನ್ನು ಬಿಚ್ಚುವುದು. ಈಗಲೂ ನಾನು ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ.

ಇಳಕಲ್ ಸೀರೆ ಗೊತ್ತಿಲ್ಲದ ಓದುಗರಿಗೆ ಒಂದು ಮಾತು ಹೇಳಬೇಕು. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯಾಗಿದ್ದರೂ ಸೆರಗು ರೇಷ್ಮೆಯಾಗಿರಬಹುದು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಮಗ್ಗದ ಮೇಲೇ ಸೇರಿಸುತ್ತಾರೆ. ಹಾಗಾಗಿ ಕೈಮಗ್ಗದಲ್ಲಿ ಒಂದೊಂದು ಸೀರೆಗೂ ಬೇರೆಯೇ ಹಾಸು ಸಿದ್ಧಮಾಡಬೇಕು, ಥಾನುಗಟ್ಟಲೆ ಎಳೆದುಕೊಂಡು ಹೋಗಲು ಬರುವುದಿಲ್ಲ. ಒಂದು ಬಣ್ಣ ನಿಂತು ಇನ್ನೊಂದು ಶುರುವಾಗುವ ಆ ಗೆರೆಯಲ್ಲೇ ನೇಕಾರನ ಕೈ ಎಂಥದೆಂದು ತಿಳಿಯುತ್ತದೆ. ನನ್ನ ಚಿತ್ರಗಳಲ್ಲೂ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಎರಡು ಬಣ್ಣ ಕೂಡುವ ಅಂಚಿನಲ್ಲಿ.

ಚಿತ್ರಕಲೆಗೆ ನಾನು ಬಂದದ್ದು ಎಲ್ಲರೂ ಬರುವ ದಾರಿಯಲ್ಲೇ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ. ಆಮೇಲೆ ಧಾರವಾಡದಲ್ಲಿ ಡಿಪ್ಲೊಮಾ. ಆಮೇಲೆ ಜಮಖಂಡಿಯಲ್ಲಿ ಹೈಸ್ಕೂಲು ನೌಕರಿ. ಉತ್ತರ ಕರ್ನಾಟಕದಲ್ಲಿ ಕಲೆ ಕಲಿಸುವ ಕೆಲಸ ಸರ್ಕಾರದಿಂದ ಶುರುವಾದದ್ದಲ್ಲ, ಹಟ ಹಿಡಿದ ಕೆಲವು ಮಾಸ್ತರರಿಂದ ಶುರುವಾದದ್ದು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಿಗಿ, ಗದಗಿನಲ್ಲಿ ಟಿ.ಪಿ. ಅಕ್ಕಿ. ಅವರು ಕಟ್ಟಿದ ಶಾಲೆಗಳಿಂದ ಹೊರಟವರೇ ನಮ್ಮ ಭಾಗದ ಎಷ್ಟೋ ಶಾಲೆಗಳ ಡ್ರಾಯಿಂಗ್ ಮಾಸ್ತರರಾದರು. ಆ ಪರಂಪರೆ ನಮಗೆ ಕೊಟ್ಟದ್ದು ಗಟ್ಟಿ ಕೈ. ತಾಮ್ರದ ಕೊಡ, ಅದರ ಹಿಂದಿನ ಮಡಿಕೆಬಿದ್ದ ಬಟ್ಟೆ, ಮುದುಕನ ಮುಖದ ಸುಕ್ಕು ಎಲ್ಲ ಥೇಟ್ ಹಾಗೇ. ಅದರಲ್ಲಿ ನಾನೂ ಹಿಂದೆ ಇರಲಿಲ್ಲ.

ತಿರುವು ಬಂದದ್ದು ಅಪ್ಪನ ಚಿತ್ರದಿಂದ. ಊರಿಗೆಲ್ಲ ಪಾವರ್‌ಲೂಮ್ ಬಂದು, ಕುಣಿಮಗ್ಗಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ. ಮಗ್ಗದಲ್ಲಿ ಕೂತ ಅಪ್ಪನನ್ನು ಎಣ್ಣೆಬಣ್ಣದಲ್ಲಿ ಬರೆದೆ. ನೋಡಿದವರೆಲ್ಲ ‘ನಿಮ್ಮಪ್ಪ ಥೇಟ್ ಕುಂತಾಂಗ ಅದಾನ’ ಎಂದರು. ಹೌದು, ಮೂಗು ಅವನದೇ, ಟೊಪ್ಪಿಗೆಯೂ ಅವನದೇ. ಆದರೆ ನಾನು ಬರೆಯಬೇಕೆಂದಿದ್ದು ಮೂಗನ್ನಲ್ಲ. ಹಾಸಿನ ನೂಲು ಬಿಗಿದು ನಿಂತಾಗ ಇರುತ್ತದಲ್ಲ ಒಂದು ಸೆಟೆತ, ಕೈ ಆಡಿಸಿದರೆ ಝುಂ ಎನ್ನುವಂಥದು, ಅದು ಆ ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಎಡಗಡೆಯ ಕೆಳಮೂಲೆಯಲ್ಲಿ ಮಾತ್ರ, ಬೆಳಕಿಂಡಿಯ ಬಿಸಿಲು ನೂಲಿನ ಮೇಲೆ ಬಿದ್ದ ಗೇಣಗಲದ ಜಾಗದಲ್ಲಿ, ಸ್ವಲ್ಪ ಇತ್ತು. ರಟ್ಟಿನಲ್ಲಿ ಕಿಂಡಿ ಕೊರೆದು ಆ ಮೂಲೆಯ ಮೇಲಿಟ್ಟು ನೋಡಿದೆ. ಅಪ್ಪ ಇಲ್ಲ, ಮಗ್ಗ ಇಲ್ಲ, ಬೂದು-ಬಿಳಿ ಗೆರೆಗಳು, ಅವನ್ನು ಅಡ್ಡ ಹಾಯುವ ಒಂದು ಹಳದಿ. ಚಿತ್ರ ಅಷ್ಟೇ ಇತ್ತು. ಮುಂದಿನ ಕ್ಯಾನ್ವಾಸಿಗೆ ಅದೇ ಗೇಣಗಲವನ್ನು ಆಳೆತ್ತರ ಮಾಡಿದೆ.

ಅಮೂರ್ತ ಕಲಾವಿದರಲ್ಲಿ ಬಹಳ ಮಂದಿ ಹೀಗೆ ಯಾವುದನ್ನೋ ನೋಡುತ್ತ ನೋಡುತ್ತಲೇ ಅಲ್ಲಿಗೆ ತಲುಪಿದವರು. ಏನೂ ಬರೆಯಲು ಬಾರದೆ ಅಮೂರ್ತಕ್ಕೆ ಹೋದರು ಎಂಬುದು ನಮ್ಮ ಕಡೆ ಚಹಾದಂಗಡಿಯಲ್ಲಿ ಸಿಗುವ ಅಭಿಪ್ರಾಯ. ‘ನಮ್ಮ ಮಗುನೂ ಹಿಂಗ ತಗೀತದ’ ಎಂಬುದು ಅದರ ಜೊತೆಗೇ ಬರುವ ಮಾತು. ನಾನು ಮಕ್ಕಳಿಗೇ ಡ್ರಾಯಿಂಗ್ ಕಲಿಸಿದವಳು. ಮಕ್ಕಳು ಹೀಗೆ ಬರೆಯುವುದಿಲ್ಲ. ಬಿಟ್ಟರೆ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ದಂಡೆಯಲ್ಲೊಂದು ಹಂಚಿನ ಮನೆ ಬರೆಯುತ್ತಾರೆ. ಬನಹಟ್ಟಿಯ ಎರೆಹೊಲದ ನಡುವೆ ಅಂಥ ಗುಡ್ಡವನ್ನು ಯಾವ ಮಗು ಕಂಡಿತ್ತೋ ದೇವರೇ ಬಲ್ಲ.

ನಮ್ಮ ಜಿಲ್ಲೆಯವರೇ ಒಬ್ಬರ ಹೆಸರು ಇಲ್ಲಿ ಹೇಳಬೇಕು. ಬಾದಾಮಿಯಲ್ಲಿ ಹುಟ್ಟಿದ ಆರ್.ಎಂ. ಹಡಪದ. ಬೆಂಗಳೂರಿಗೆ ಹೋಗಿ 1960ರ ದಶಕದ ಕೊನೆಯಲ್ಲಿ ಕೆನ್ ಕಲಾಶಾಲೆ ಶುರುಮಾಡಿದರು. 2003ರಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕು ಎಂದರೆ ಆ ಶಾಲೆಯೇ. ಅವರ ಕೈಯಲ್ಲಿ ಕಲಿತ ಜೆ.ಎಂ.ಎಸ್. ಮಣಿ ಮತ್ತೆ ಮತ್ತೆ ಬಾದಾಮಿಗೆ ಬಂದು ಅಲ್ಲಿನ ಜನರನ್ನು ಬರೆದು ಹೆಸರಾದರು, ಮುಂದೆ ಅದೇ ಶಾಲೆಯನ್ನು ನಡೆಸಿದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರೂ ಕೆನ್ ಶಾಲೆಯವರೇ. ಒಂದೇ ಶಾಲೆಯಿಂದ ಎರಡು ದಿಕ್ಕು: ಒಬ್ಬರದು ಮನುಷ್ಯರಿಂದ ತುಂಬಿದ ಚಿತ್ರ, ಇನ್ನೊಬ್ಬರದು ಮನುಷ್ಯರೇ ಕಾಣದ ಕೆಲಸ.

ಶೀಲಾ ಗೌಡ ಅವರ 1998ರ ಕೃತಿಯೊಂದನ್ನು ಬನಹಟ್ಟಿಯವರು ಯಾರ ವಿವರಣೆಯೂ ಇಲ್ಲದೆ ಅರ್ಥಮಾಡಿಕೊಳ್ಳಬಲ್ಲರು ಎಂದು ನನ್ನ ನಂಬಿಕೆ. ನೂರಾರು ಅಡಿ ನೂಲನ್ನು ಸೂಜಿಯ ಕಣ್ಣಿನೊಳಗಿಂದ ಎಳೆದು, ಅಂಥ ಎಷ್ಟೋ ಎಳೆಗಳನ್ನು ಒಟ್ಟುಮಾಡಿ, ಅಂಟು ಮತ್ತು ಕುಂಕುಮ ಬಳಿದು ಹಗ್ಗ ಮಾಡಿದ್ದಾರೆ. ಕೆಂಪು ಹಗ್ಗ ಗೋಡೆಯ ಮೇಲೆ, ನೆಲದ ಮೇಲೆ ಸುತ್ತಿ ಸುಳಿದು ಹರಿಯುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ತೂಗುತ್ತಿರುತ್ತದೆ. ದೂರದಿಂದ ನೋಡಿದರೆ ಗಾಳಿಯಲ್ಲಿ ಎಳೆದ ಕೆಂಪು ಗೆರೆ, ಹತ್ತಿರ ಹೋದರೆ ಹೆಣ್ಣುಮಕ್ಕಳ ದಿನದಿನದ ಕೆಲಸ. ನೂಲು ಗೊತ್ತಿದ್ದವರಿಗೆ ಬೆರಳು ನೋಯಬೇಕು ಅದನ್ನು ನೋಡಿ.

ನೂಲಿನ ಮಾತು ಬಂದರೆ ನಸ್ರೀನ್ ಮೊಹಮದಿ ಅವರನ್ನು ಬಿಡುವ ಹಾಗಿಲ್ಲ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿದ ಇವರು ಬರೋಡಾದ ಕಲಾಶಾಲೆಯಲ್ಲಿ 1972ರಿಂದ ಪಾಠ ಹೇಳಿದವರು, 1990ರಲ್ಲಿ ತೀರಿಕೊಂಡರು. ಇಂಜಿನಿಯರುಗಳು ನಕ್ಷೆ ಬರೆಯಲು ಬಳಸುವ ಪೆನ್ನು, ಅಳತೆಪಟ್ಟಿ, ಕಾಗದ ಇಷ್ಟೇ ಸಾಮಾನು. ಒತ್ತೊತ್ತಾಗಿ ಗೆರೆ, ಗೆರೆಗೆ ಅಡ್ಡ ಗೆರೆ. ಕೊನೆಯ ವರ್ಷಗಳಲ್ಲಿ ನರರೋಗದಿಂದ ಕೈ ಹತೋಟಿ ತಪ್ಪುತ್ತಿದ್ದರೂ ಗೆರೆ ಮಾತ್ರ ನಡುಗಲಿಲ್ಲ. ಮಗ್ಗದ ಮೇಲೆ ಬಿಗಿದ ನೂಲಿನ ಫೋಟೊಗಳನ್ನೂ ತೆಗೆದಿದ್ದಾರೆ. ನಾನು ಅವನ್ನು ಒಂದು ಪುಸ್ತಕದಲ್ಲಿ ನೋಡಿದೆ, ನಮ್ಮ ನಡುಮನೆಯದೇ ಅನ್ನಿಸಿತು. ಜರ್ಮನಿಯ ಬೌಹೌಸ್ ಶಾಲೆಯಲ್ಲಂತೂ ಹೆಣ್ಣುಮಕ್ಕಳು ಸೇರಿದರೆ ಹೆಚ್ಚಾಗಿ ನೇಯ್ಗೆಯ ವಿಭಾಗಕ್ಕೇ ತಳ್ಳುತ್ತಿದ್ದರು. 1922ರಲ್ಲಿ ಅಲ್ಲಿ ಸೇರಿದ ಆನಿ ಆಲ್ಬರ್ಸ್‌ಗೂ ಅದೇ ಗತಿ. ಬೇಡದ ಮನಸ್ಸಿನಿಂದ ಮಗ್ಗಕ್ಕೆ ಕೂತ ಆಕೆ 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ನೇಯ್ಗೆಯನ್ನೇ ತೂಗುಹಾಕಿದಳು.

ಇನ್ನು ಕೆಲಸದ ಕ್ರಮ. ಕೇಳುವವರೆಲ್ಲ ‘ಮೂಡ್ ಬಂದಾಗ ತಗೀತೀರೇನ್ರಿ?’ ಎನ್ನುತ್ತಾರೆ. ಮೂಡ್ ಕಾಯುತ್ತ ಕೂತರೆ ಬಣ್ಣ ಒಣಗಿ ಹೋಗುತ್ತದೆ. ಅಪ್ಪನ ಕುಣಿ ಮುಚ್ಚಿ ಫರಸಿ ಹಾಕಿಸಿದ ನಡುಮನೆಯೇ ಈಗ ನನ್ನ ಸ್ಟುಡಿಯೊ. ನೌಕರಿಯಲ್ಲಿದ್ದಾಗ ಬೆಳಿಗ್ಗೆ ಜಮಖಂಡಿ ಬಸ್ಸಿಗೆ ಮುಂಚೆ ಒಂದು ತಾಸು, ರವಿವಾರ ಇಡೀ ದಿನ. ಈಗ ನಿವೃತ್ತಿ, ದಿನವೂ ರವಿವಾರ. ಪಕ್ಕದ ಮನೆಯ ಪಾವರ್‌ಲೂಮಿನ ಖಟಖಟ ನಿಂತರೆ ಕರೆಂಟು ಹೋಯಿತೆಂದು ಲೆಕ್ಕ.

ಎಣ್ಣೆಬಣ್ಣದ ಎಣ್ಣೆ ಅಗಸಿಯದು, ನಾವು ಚಟ್ನಿ ಪುಡಿ ಮಾಡುವ ಅದೇ ಅಗಸಿ. ಅದು ನೀರಿನ ಹಾಗೆ ಆರಿ ಹೋಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿ ಪೊರೆಯಾಗುತ್ತದೆ. ಅದಕ್ಕೇ ದಿನಗಟ್ಟಲೆ ಕಾಯಬೇಕು, ದಪ್ಪ ಬಳಿದರೆ ವಾರಗಟ್ಟಲೆ. ಅದಕ್ಕೊಂದು ಹಳೆಯ ನಿಯಮವಿದೆ. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು. ಉಲ್ಟಾ ಮಾಡಿದರೆ ಮೇಲಿನದು ಮೊದಲು ಬಿಗಿದು, ಕೆಳಗಿನದು ಇನ್ನೂ ಅಲುಗುತ್ತಿದ್ದು, ಚಿತ್ರ ಬಿರುಕು ಬಿಡುತ್ತದೆ. ಎಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಆಕ್ರಿಲಿಕ್ ಬಣ್ಣವಂತೂ ಕುಂಚದ ಮೇಲೇ ಒಣಗುತ್ತದೆ. ಆಗ ನಾನು ನಸುಕಿನಲ್ಲೇ ಕೆಲಸ ಮುಗಿಸುತ್ತೇನೆ.

ಮೊದಲು ಕ್ಯಾನ್ವಾಸಿಗೆ ಬಿಳಿ ಅಸ್ತರು ಬಳಿದು, ಉಜ್ಜಿ, ಮೇಲೆ ತೆಳ್ಳಗೆ ಒಂದು ಕಾವಿಯೋ ಬೂದಿಯೋ ಕೊಡುತ್ತೇನೆ. ಬಿಳಿಯ ಮೇಲೆ ಯಾವ ಬಣ್ಣವೂ ತನ್ನ ನಿಜದ ತೂಕ ಹೇಳುವುದಿಲ್ಲ. ಆಮೇಲೆ ಅಡ್ಡ ಪಟ್ಟಿಗಳು. ಇತ್ತೀಚಿನ ಪಟ್ಟಿಗಳಿಗೆ ಮೂಲ ಬೀಳಗಿ ಕಡೆಯ ಹಿನ್ನೀರು. ಆಲಮಟ್ಟಿ ಅಣೆಕಟ್ಟು ತುಂಬಿದಾಗ ಹೆರಕಲ್ಲಿನ ಹತ್ತಿರ ನೀರು ಹೊಲದೊಳಗೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಇಳಿಯುತ್ತ ಇಳಿಯುತ್ತ ಎರೆಮಣ್ಣಿನ ಮೇಲೆ ಗೆರೆ ಬಿಟ್ಟು ಹೋಗುತ್ತದೆ: ಒಣಗಿದ್ದು ಬೂದು, ಅರೆಹಸಿಯದು ಕಂದು, ನೀರಂಚಿನದು ಕಾಡಿಗೆಗಪ್ಪು. ಊರು ಮುಳುಗಿದವರ ದುಃಖವನ್ನು ಬರೆಯುತ್ತೇನೆ ಎಂದು ನಾನು ಹೇಳಿಕೊಳ್ಳುವುದಿಲ್ಲ, ಅಷ್ಟು ದೊಡ್ಡ ಮಾತು ನನಗೆ ಬೇಡ. ಆದರೆ ನೀರು ಎಲ್ಲಿಯ ತನಕ ಬಂದಿತ್ತು ಎಂಬುದು ಆ ಗೆರೆಗಳಿಗೆ ಗೊತ್ತಿದೆ.

ಪದರ ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ನಡುನಡುವೆ ಚೂರಿಯಿಂದ ಕೆರೆಯುತ್ತೇನೆ. ಕೆರೆದಲ್ಲಿ ಕೆಳಗಿನ ಕಾವಿ ಇಣುಕಿದರೆ ಕೆಲವೊಮ್ಮೆ ಇಡೀ ಚಿತ್ರವೇ ದಿಕ್ಕು ಬದಲಿಸುತ್ತದೆ. ಮುಗಿಯಿತೋ ಇಲ್ಲವೋ ಎಂದು ಹೇಗೆ ತಿಳಿಯುತ್ತದೆ? ನನ್ನದು ಸರಳ ಪರೀಕ್ಷೆ. ಚಿತ್ರವನ್ನು ತಲೆಕೆಳಗು ಮಾಡಿ ಇಡುತ್ತೇನೆ, ಎಲ್ಲಿ ಭಾರ ಜಾರುತ್ತಿದೆ ಎಂಬುದು ಕೂಡಲೇ ಕಾಣುತ್ತದೆ. ಆಮೇಲೆ ಒಂದೊಂದು ಭಾಗವನ್ನು ಪತ್ರಿಕೆಯ ಹಾಳೆಯಿಂದ ಮುಚ್ಚುತ್ತೇನೆ. ಮುಚ್ಚಿದರೂ ಚಿತ್ರಕ್ಕೆ ಏನೂ ಆಗದಿದ್ದರೆ ಆ ಭಾಗ ಸುಮ್ಮನೆ ಕೂತಿದೆ ಎಂದರ್ಥ, ಅದನ್ನು ತೆಗೆಯಬೇಕು.

ಈ ಕೆರೆಯುವ, ಕಾಯುವ ಕೆಲಸದಲ್ಲಿ ನಮಗೆಲ್ಲ ಹಿರಿಯರು ವಿ.ಎಸ್. ಗಾಯತೊಂಡೆ. ನಾಗಪುರದಲ್ಲಿ 1924ರಲ್ಲಿ ಹುಟ್ಟಿದ ಗೋವೆ ಮೂಲದವರು, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ 1948ರಲ್ಲಿ ಓದು ಮುಗಿಸಿದರು. ನಮ್ಮ ಜಮಖಂಡಿಯೂ ಸಂಸ್ಥಾನ ಹೋದ ಮೇಲೆ 1956ರ ತನಕ ಮುಂಬೈ ರಾಜ್ಯದಲ್ಲೇ ಇತ್ತು. ಹಾಗಾಗಿ ಆಗ ಚಿತ್ರ ಕಲಿಯುವ ಹುಡುಗರ ಕಣ್ಣೆಲ್ಲ ಆ ಶಾಲೆಯ ಮೇಲೇ. ಗಾಯತೊಂಡೆ ಬಣ್ಣವನ್ನು ರೋಲರಿನಿಂದ ಉರುಳಿಸುತ್ತಿದ್ದರು, ಚೂರಿಯಿಂದ ಎಳೆಯುತ್ತಿದ್ದರು, ಹರಿದ ಕಾಗದದ ತುಂಡುಗಳನ್ನು ಹಸಿ ಬಣ್ಣಕ್ಕೆ ಒತ್ತಿ ಎತ್ತಿ ಗುರುತು ಉಳಿಸುತ್ತಿದ್ದರು. ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರ. ಉಳಿದ ಹೊತ್ತೆಲ್ಲ ಕೂತು ನೋಡುವುದು, ಯೋಚಿಸುವುದು. ಝೆನ್ ಬೌದ್ಧ ಚಿಂತನೆಯತ್ತ ಅವರಿಗೆ ಒಲವಿತ್ತು. 1964ರಲ್ಲಿ ಫೆಲೊಶಿಪ್ ಸಿಕ್ಕಿ ನ್ಯೂಯಾರ್ಕಿಗೆ ಹೋದರು, ಬಂದ ಮೇಲೂ ತಮ್ಮ ಒಂಟಿತನ ಬಿಡಲಿಲ್ಲ. ಹೆಚ್ಚಿನ ಚಿತ್ರಗಳಿಗೆ ಹೆಸರೇ ಇಡುತ್ತಿರಲಿಲ್ಲ. 2001ರಲ್ಲಿ ದೆಹಲಿಯ ಕಡೆ ಅವರು ತೀರಿಕೊಂಡಾಗ ಹೆಚ್ಚು ಜನಕ್ಕೆ ಸುದ್ದಿಯೂ ಆಗಲಿಲ್ಲ. 2013ರಲ್ಲಿ ಮುಂಬೈಯ ಹರಾಜಿನಲ್ಲಿ ಅವರ ಒಂದು ಚಿತ್ರ 23.7 ಕೋಟಿ ರೂಪಾಯಿಗೆ ಹೋದಾಗ ನಮ್ಮೂರಿಗೂ ಅವರ ಹೆಸರು ಬಂತು. ‘ಟೀಚರ್ರ, ನಿಮ್ಮವೂ ಅಷ್ಟಕ್ಕ ಹೋಗ್ತಾವೇನ್ರಿ?’ ಹೋಗುವುದಿಲ್ಲ. ನನ್ನ ಚಿತ್ರದ ದುಡ್ಡಿನಲ್ಲಿ ಮುಂದಿನ ಕ್ಯಾನ್ವಾಸು, ಬಣ್ಣ, ಫ್ರೇಮು ಬಂದರೆ ಆ ವರ್ಷ ಲಾಭ. 2014ರಲ್ಲಿ ನ್ಯೂಯಾರ್ಕಿನ ಗುಗ್ಗೆನ್‌ಹೈಮ್ ಮ್ಯೂಸಿಯಂ ಗಾಯತೊಂಡೆಯವರ ಜೀವಮಾನದ ಕೆಲಸವನ್ನು ಒಟ್ಟಿಗೆ ತೋರಿಸಿತು. ಆ ಸುದ್ದಿ ಬನಹಟ್ಟಿಗೆ ಬರಲಿಲ್ಲ, ಅದರಲ್ಲಿ ಕೋಟಿಯ ಲೆಕ್ಕ ಇರಲಿಲ್ಲವಲ್ಲ.

ಮಗ್ಗದಿಂದ ಕ್ಯಾನ್ವಾಸಿಗೆ ನಾನು ಬಂದೆ. ಮೈಸೂರಿನವರಾದ ಎಸ್.ಜಿ. ವಾಸುದೇವ್ ಕ್ಯಾನ್ವಾಸಿನಿಂದ ಮಗ್ಗಕ್ಕೆ ಹೋದವರು. ತಮ್ಮ ಚಿತ್ರಗಳನ್ನು ಬೆಂಗಳೂರಿನ ನೇಕಾರ ಸುಬ್ಬರಾಯಲು ಅವರ ಜೊತೆಗೂಡಿ ರೇಷ್ಮೆಯಲ್ಲಿ ನೇಯಿಸಿದ್ದಾರೆ. ಕುಂಚ ಒಂದು ಏಟಿಗೆ ಬಳಿದದ್ದನ್ನು ನೇಕಾರ ಎಳೆ ಎಳೆಯಾಗಿ ಕಟ್ಟಬೇಕು. ಯಾವ ಎಳೆ ಎಲ್ಲಿ ಬದಲಾಗಬೇಕೆಂಬ ತೀರ್ಮಾನ ಅವನದು. ಹಾಗಾದರೆ ಚಿತ್ರ ಯಾರದು? ಅಪ್ಪ ಇದ್ದಿದ್ದರೆ ಈ ಪ್ರಶ್ನೆಗೆ ನಕ್ಕುಬಿಡುತ್ತಿದ್ದ. ಸೆರಗಿನ ಮೇಲೆ ಅವನ ಹೆಸರು ಯಾವತ್ತೂ ಇರಲಿಲ್ಲ. ನನಗೆ ನಗು ಬರುವುದಿಲ್ಲ.

ಬೆಂಗಳೂರಿಗೆ ಹೋದವರು ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಗೊಮ್ಮೆ ಹೋಗಿಬನ್ನಿ. 2009ರಿಂದ ಅಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಿದೆ. ಪಕ್ಕದಲ್ಲಿ ಅಂಟಿಸಿದ ಚೀಟಿಯನ್ನು ಮೊದಲು ಓದಬೇಡಿ. ಬಾಗಿಲ ಬಳಿಯಿಂದ ಒಮ್ಮೆ, ಮೊಳ ದೂರದಿಂದ ಒಮ್ಮೆ ನೋಡಿ. ಬಣ್ಣ ಕೂಡುವ ಅಂಚು ನೋಡಿ. ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು ಜೋರಾಗಿಯೇ ಹೇಳಿ, ಸೀರೆ ಅಂಗಡಿಯಲ್ಲಿ ಹೇಳುವುದಿಲ್ಲವೇ?

ನಮ್ಮ ಕಾಕಾನನ್ನು ನಾನೊಮ್ಮೆ ಬೆಂಗಳೂರಿನ ಒಂದು ಗ್ಯಾಲರಿಗೆ ಕರೆದೊಯ್ದಿದ್ದೆ. ಬದುಕೆಲ್ಲ ಮಗ್ಗ ಹೊಡೆದವನು. ಆಳೆತ್ತರದ ನೀಲಿ ಚಿತ್ರವೊಂದರ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಪಕ್ಕಕ್ಕೆ ಸರಿದು, ಬಗ್ಗಿ, ಫ್ರೇಮಿನ ಬದಿಯಲ್ಲಿ ಬಣ್ಣ ತಾಗದೆ ಉಳಿದಿದ್ದ ಬಟ್ಟೆಯನ್ನು ನೋಡತೊಡಗಿದ. ಕಾವಲುಗಾರ ಓಡಿಬಂದ. ಕಾಕಾ ಅವನ ಕಡೆ ತಿರುಗಿಯೂ ನೋಡದೆ ನನಗೆ ಹೇಳಿದ: ‘ಬಣ್ಣ ಛಲೋ ಕುಂತೈತವಾ. ಅಂವಾ ಅರಿವಿ ಮಾತ್ರ ಹಗೂರಂದು ತಗೊಂಡಾನ. ಎಷ್ಟ್ ಕೌಂಟಿನ ನೂಲಿಂದು ಕೇಳು.’